ಚಮಚ ತೆಗೆಯುವ ಚಮಚ

ಒಂದಾನೊಂದು ಮನೆಯಲ್ಲಿ ಚಮಚ ತೆಗೆಯಬೇಕೆಂದರೆ ಚಮಚವೇ ಬೇಕಾಗಿತ್ತು. ಅಡುಗೆಮನೆಯ ಡ್ರಾಯರಿನ ಹಿಡಿ ಯಾವಾಗಲೋ ಮುರಿದುಹೋಗಿತ್ತು. ಕಟ್ಟೆಯ ಮೇಲೆ ಕಾವಲು ಕೂತ ಸೊಟ್ಟ ಚಮಚವೊಂದರಿಂದ ಮೀಟಿದರಷ್ಟೇ ಅದು ಬಾಯಿ ಬಿಡುತ್ತಿತ್ತು. ಈಗಲೂ ಮಗಳು ಮೀಟುತ್ತಿದ್ದಳು. ಅಪ್ಪನನ್ನು ಮಣ್ಣು ಮಾಡಿ ಬಂದವರು ಪಡಸಾಲೆಯಲ್ಲಿ ಚಹಾಕ್ಕೆ ಕಾಯುತ್ತಿದ್ದರು.

"ಇನ್ನೂ ಇದೇ ಪಾಡಾ?" ಅಪ್ಪನ ತಂಗಿ ಅತ್ತ ಕಣ್ಣಲ್ಲೇ ನಕ್ಕುಬಿಟ್ಟರು. "ಅಣ್ಣ ಬೀದಿಯವರಿಗೆಲ್ಲ ಏನೇನೋ ಮಾಡಿಕೊಟ್ಟ. ಅತ್ತಿಗೆಗೊಂದು ಹಿಡಿ ಆಗ್ಲಿಲ್ವಾ?"

"ಮಾಡ್ತೀನಿ ಅಂದಿದ್ರು," ಅಮ್ಮ ಲೋಟ ಜೋಡಿಸುತ್ತಲೇ ಅಂದರು. "ಅವರು ಆಡಿದ ಮಾತಲ್ಲಿ ನಡೆಸದೆ ಉಳಿದಿದ್ದು ಇದೊಂದೇ ನೋಡು. ಹೋಗ್ಲಿ ಬಿಡು."

ಆ 'ಹೋಗ್ಲಿ ಬಿಡು' ಮಗಳ ಎದೆಯಲ್ಲಿ ಮುಳ್ಳಿನಂತೆ ಕೂತಿತು.

*

ಶಾಲೆಯ ಬಸ್ಸು ಓಡಿಸಿ ನಿವೃತ್ತರಾದ ಅಪ್ಪನ ಲೋಕವೆಂದರೆ ಹಿತ್ತಿಲ ಕೋಣೆಯ ಲೇತ್. ಹೊಲಿಗೆ ಯಂತ್ರಕ್ಕಿಂತ ತುಸು ದೊಡ್ಡದು, ಅಷ್ಟೇ. ಲೋಹದ ಸರಳು ಗಿರಗಿರ ತಿರುಗುವಾಗ, ಹಿಡಿಕೆ ತಿರುಗಿಸಿ ಉಳಿಯನ್ನು ಅದಕ್ಕೆ ತಾಗಿಸಿ ಬೇಕಾದ ರೂಪ ತರುತ್ತಿದ್ದರು. ಕೈ ನಡುಗತೊಡಗಿದ ಮೇಲೆ ಹೊಸ ಹುಚ್ಚು ಹತ್ತಿತು: ಹಿಡಿಕೆಗಳ ಜಾಗಕ್ಕೆ ಮೋಟಾರು ಕೂರಿಸಿ, ಲೇತನ್ನು ಕಂಪ್ಯೂಟರಿನ ಮಾತು ಕೇಳುವಂತೆ ಮಾಡುವುದು. ಅಪ್ಪ ಬೋಲ್ಟು ಬಿಗಿದರು, ಮಗಳು ಪಕ್ಕದಲ್ಲಿ ಕೂತು ಆಜ್ಞೆಗಳನ್ನು ಟೈಪಿಸಿದಳು.

"ಮೊದಲನೇದು ನಿಮ್ಮಮ್ಮನ ಡ್ರಾಯರಿಗೆ. ಹಿತ್ತಾಳೆದು, ದ್ರಾಕ್ಷಿ ಹಾಗೆ ಗುಂಡಗೆ."

"ಕೈಯಲ್ಲೇ ಮಾಡಿ ಬಿಸಾಕಬಾರದಾ?" ಬಾಗಿಲಲ್ಲಿ ಅಮ್ಮ.

"ನಡುಗೋ ಕೈಯಲ್ಲಿ ಮಾಡಿದ್ದು ನಿಂಗೆ ಕೊಡ್ತೀನೇನೇ?"

ಆದರೆ ಮಾಡಿದ್ದೆಲ್ಲ ಅರ್ಧದವರೆಗೆ ಮಾತ್ರ ಚೆಂದ. ಉಳಿ ಹೊರಗೆ ಸರಿದು, ದಿಕ್ಕು ಬದಲಿಸಿ ಮತ್ತೆ ಒಳಗೆ ಬರುವ ಕಡೆ, ಗುಂಡಿನ ನಡುವೆ ದಪ್ಪನೆಯ ಪಟ್ಟಿ.

"ಇದಕ್ಕೆ ಬೆಲ್ಟ್ ಯಾಕ್ರೀ ಕಟ್ಟಿದ್ದು?" ಅಮ್ಮ ಕೇಳಿದರೆ, ಅಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕಿದ್ದರು.

*

ಚಹಾ ಹೀರುತ್ತಾ ಶಾಲೆಯ ಪಕ್ಕದ ಅಂಗಡಿಯ ಕ್ಷೌರಿಕ ಹೇಳುತ್ತಿದ್ದ: "ಬಸ್ಸನ್ನ ನೇರವಾಗಿ ತಂದು ನಿಲ್ಲಿಸಿದ್ದೇ ಇಲ್ಲ ನಮ್ಮ ಡ್ರೈವರ್ ಸಾಹೇಬ್ರು! ಗೇಟು ದಾಟಿ ಹೋಗೋದು, ಆಮೇಲೆ ರಿವರ್ಸ್. ಮಕ್ಕಳೆಲ್ಲ ಹೋ ಅಂತ ಕೂಗೋವು."

"ಲೇತ್ ಹಿಡಿಸಿದ ಚಾಳಿ ಅದು," ಎಂದರು ಅಮ್ಮ. "ಅದರ ಹಿಡಿಕೇನೂ ಹಾಗೇ ತಿರುಗಿಸೋರು. ಗುರುತು ದಾಟಿಸಿ, ಮತ್ತೆ ವಾಪಸ್."

ಸಕ್ಕರೆ ಕಲಕುತ್ತಿದ್ದ ಮಗಳ ಕೈ ನಿಂತಿತು. ಲೋಟವನ್ನು ಅತ್ತೆಯ ಕೈಗಿತ್ತು ಹಿತ್ತಿಲಿಗೆ ನಡೆದಳು.

ಡ್ರಾಯರಿಗೆ ಬಿಗಿಯುವ ತಿರುಪಿಗೆಂದು ತೂತು ಕೊರೆದು ಅಪ್ಪ ಕಚ್ಚಿಸಿಟ್ಟಿದ್ದ ಹಿತ್ತಾಳೆ ಸರಳು ಲೇತಿನಲ್ಲಿ ಹಾಗೇ ಇತ್ತು. ಉಳಿಯನ್ನು ನಡೆಸುವ ಉದ್ದನೆಯ ತಿರುಪನ್ನು ಬೆರಳಲ್ಲಿ ಮುಂದೆ ತಿರುಗಿಸಿದಳು, ಉಳಿ ಸರಿಯಿತು. ಹಿಂದೆ ತಿರುಗಿಸಿದಳು, ತಿರುಪು ತಿರುಗಿತು, ಉಳಿ ಮಾತ್ರ ಕೊಂಚ ಹೊತ್ತು ಕದಲಲೇ ಇಲ್ಲ. ಹಳೆಯ ತಿರುಪು ಸವೆದು ಸಡಿಲವಾಗಿತ್ತು. ದಿಕ್ಕು ಬದಲಿಸಿದಾಗಲೆಲ್ಲ ಅಷ್ಟು ಹೆಚ್ಚಿಗೆ ತಿರುಗಿಸಬೇಕೆಂದು ಅಪ್ಪನ ಕೈಗೆ ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿರಲಿಲ್ಲ. ಕೈಗೆ ಗೊತ್ತಿದ್ದನ್ನು ಬಾಯಿಬಿಟ್ಟು ಹೇಳಬೇಕೆಂದು ಅಪ್ಪನಿಗೆ ಹೊಳೆದಿರಲಿಲ್ಲ, ಕೇಳಬೇಕೆಂದು ಇವಳಿಗೂ.

ಸಡಿಲವೆಷ್ಟೆಂದು ಅಳೆದು ಕಂಪ್ಯೂಟರಿಗೆ ತಿಳಿಸಿದಳು. ಗುಂಡಿ ಒತ್ತಿದಳು. ಲೇತಿನ ಸದ್ದು ಪಡಸಾಲೆಗೂ ಮುಟ್ಟಿತು. ಆ ಸದ್ದು ಎಲ್ಲರಿಗೂ ಗೊತ್ತಿದ್ದ ಸದ್ದೇ. ಹೊಂಬಣ್ಣದ ಚೂರುಗಳು ಸುರುಳಿ ಸುರುಳಿಯಾಗಿ ಉದುರಿದವು. ಉಳಿ ಹೊರಗೆ ಸರಿಯಿತು, ದಿಕ್ಕು ಬದಲಿಸಿತು, ಒಳಗೆ ಬಂತು.

ಬೆಚ್ಚಗಿನ ಗುಂಡನ್ನು ಅಂಗೈಯಲ್ಲಿ ಹಿಡಿದು ತಂದಾಗ ಅಮ್ಮ ಅದರ ನಡುವಿನ ಸುತ್ತ ಹೆಬ್ಬೆರಳು ಆಡಿಸಿದರು.

"ಬೆಲ್ಟ್ ಇಲ್ಲ," ಎಂದರು.

ಅದನ್ನು ಡ್ರಾಯರಿಗಿಟ್ಟು ತಿರುಪು ಬಿಗಿದದ್ದಾಯಿತು. ಅಮ್ಮ ಎರಡೇ ಬೆರಳಲ್ಲಿ ಡ್ರಾಯರ್ ಎಳೆದರು. ಕಟ್ಟೆಯ ಮೇಲಿನ ಸೊಟ್ಟ ಚಮಚವನ್ನು ಎತ್ತಿ, ಸೆರಗಲ್ಲಿ ಒರೆಸಿ, ಉಳಿದ ಚಮಚಗಳ ನಡುವೆ ಮಲಗಿಸಿ, ಡ್ರಾಯರ್ ಮುಚ್ಚಿದರು.