ತಾಳೆ ನೋಡದ ಪುಟ

"ಕೆಳಗಿಡ್ರಿ ಅವರನ್ನ. ಇನ್ನೂ ಒಂದು ಪುಟ ಬಾಕಿ ಅದ."

ಚಾದರದ ನಾಲ್ಕು ಮೂಲೆ ಹಿಡಿದು ಪಂಢರಿನಾಥರ ದೇಹವನ್ನು ಮೊಣಕಾಲೆತ್ತರಕ್ಕೆ ಎತ್ತಿದ್ದ ನಾಲ್ವರು ಹಾಗೇ ನಿಂತುಬಿಟ್ಟರು. ಸದಾಶಿವ ಪೇಠದ ಆ ಹಳೆಯ ವಾಡೆಯ ಮೊದಲ ಮಹಡಿಯಲ್ಲಿ ಅದುವರೆಗೆ ಅಳುವೊಂದೇ ಕೇಳುತ್ತಿತ್ತು, ಈಗ ಅದೂ ನಿಂತಿತು. ಮಾತಾಡಿದ್ದು ಪಂಢರಿನಾಥರ ಹೆಂಡತಿ ಗಂಗೂಬಾಯಿ. ಬೆಳಗಿನಿಂದ ಗೋಡೆಗೆ ಒರಗಿ ಕೂತಿದ್ದವರು ಎದ್ದು ಗಂಡನ ಮೇಜಿನ ಹತ್ತಿರ ಹೋಗಿದ್ದರು.

ಸಾವಿನ ಮನೆಯಲ್ಲೂ ಗಡಿಯಾರ ನೋಡುವವನೊಬ್ಬ ಬೇಕಾಗುತ್ತಾನೆ. ಇಲ್ಲಿ ಆ ಕೆಲಸ ಪಂಢರಿನಾಥರ ಅಣ್ಣನ ಮಗ ವಿಕ್ರಮನ ಪಾಲಿಗೆ ಬಂದಿತ್ತು. ಸ್ಮಶಾನದಲ್ಲಿ ಹನ್ನೊಂದೂವರೆಗೆ ಹೊತ್ತು ಗೊತ್ತುಮಾಡಿದವನು ಅವನೇ, ಗಾಡಿ ಕರೆಸಿದವನೂ ಅವನೇ. ಗಾಡಿ ಓಣಿಗೆ ಅಡ್ಡ ನಿಂತಿದ್ದರಿಂದ ಕೆಳಗೆ ರಿಕ್ಷಾದವರು ಹಾರ್ನ್ ಹೊಡೆಯುತ್ತಿದ್ದರು.

"ಕಾಕು, ಇದಕ್ಕ ಇದು ಹೊತ್ತೇನು?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ತಾಳೆ ನೋಡದ ಕಾಗದ ಹೊಸ್ತಿಲು ದಾಟಬಾರದು ಅಂತ ಹೇಳಿದವರು ಅವರ. ಅದನ್ನ ಒಳಗ ಬಿಟ್ಟು ಅವರನ್ನ ಹೆಂಗ ದಾಟಸಲಿ?"

ಬಂದವರು ಮುಖ ಮುಖ ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿದೆ ಪಾಪ ಎಂದು ಎದುರು ಮನೆಯ ಮುದುಕಿ ಮರಾಠಿಯಲ್ಲಿ ಪಕ್ಕದವಳ ಕಿವಿ ಕಚ್ಚಿದಳು. ಬಾಗಿಲಲ್ಲಿ ಚಪ್ಪಲಿಗಳ ನಡುವೆ ನಿಂತಿದ್ದ ಗೂಳಪ್ಪ ಮಾತ್ರ ತಲೆ ತಗ್ಗಿಸಿದ. ಆ ಪುಟ ಅವನದು.

ಗೂಳಪ್ಪ ದೌಂಡದಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದು ನಿವೃತ್ತನಾದವನು. ಹಳಿಯ ನಟ್ಟು ಬಿಗಿಯುತ್ತ ಮೂವತ್ತು ವರ್ಷ ನಡೆದ ತನ್ನ ಬದುಕನ್ನು ಮೂರು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದ. ಮೊಮ್ಮಕ್ಕಳು ಕಲಿಯುವುದು ಮರಾಠಿ ಸಾಲೆಯಲ್ಲಿ, ಅಜ್ಜ ಬರೆದದ್ದು ಅವಕ್ಕೆ ಇರುವೆ ಸಾಲು. ಅದಕ್ಕೇ ಅದನ್ನು ಮರಾಠಿಗೆ ಮಾಡಿಸಲು ಪಂಢರಿನಾಥರನ್ನು ಹುಡುಕಿಕೊಂಡು ಬಂದಿದ್ದ. ಮುಗಿಯಿತು, ನಾಳೆ ಬಂದು ಒಯ್ಯಿ ಎಂದು ನಿನ್ನೆ ಅವರೇ ಫೋನ್ ಮಾಡಿದ್ದರು. ಎರಡು ಪೆಂಟಿ ಬೆಲ್ಲ ಚೀಲದಲ್ಲಿ ಇಟ್ಟುಕೊಂಡು ಬೆಳಗಿನ ಗಾಡಿಗೆ ಬಂದರೆ ಬಾಗಿಲಲ್ಲಿ ಚಪ್ಪಲಿಯ ರಾಶಿ.

"ಬ್ಯಾಡ್ರಿ ಅಕ್ಕಾರ," ಎಂದ. "ನನ್ನ ಸಲುವಾಗಿ ಇದೆಲ್ಲ ಬ್ಯಾಡ."

"ನಿಮ್ಮ ಸಲುವಾಗಿ ಅಲ್ರಿ ಗೂಳಪ್ಪನವರ. ನನ್ನ ಸಲುವಾಗಿ."

*

ಪಂಢರಿನಾಥರು ಮೊದಲು ಪಿಂಪ್ರಿಯ ಒಂದು ಕಾರ್ಖಾನೆಯಲ್ಲಿ ಕಾರಕೂನರಾಗಿದ್ದರು. ಕನ್ನಡದ ಕೂಲಿಕಾರರು ಬಹಳ ಇದ್ದ ಕಾಲ. ಮಷಿನ್ನಿನ ಸೂಚನೆಗಳನ್ನು ಮರಾಠಿಯಿಂದ ಕನ್ನಡಕ್ಕೆ ಮಾಡಿಕೊಡಿ ಎಂದು ಮೇಲಿನವರು ಹೇಳಿದಾಗ ಊಟದ ಬಿಡುವಿನಲ್ಲಿ ಒಂದೇ ಉಸಿರಿಗೆ ಬರೆದುಕೊಟ್ಟರು. ಹನ್ನೆರಡು ಸಾಲಿನಲ್ಲಿ ಒಂದು ಬಿಟ್ಟುಹೋಯಿತು. ಮಷಿನ್ ನಿಂತ ಮೇಲೂ ಐದು ನಿಮಿಷ ಕೈ ಹಾಕಬಾರದು ಎಂಬ ಸಾಲು. ಇಂಡಿ ಕಡೆಯ ಕೂಲಿಯವನೊಬ್ಬನ ಎರಡು ಬೆರಳು ಹೋದವು. ಪಂಢರಿನಾಥರನ್ನು ಯಾರೂ ಬೈಯಲಿಲ್ಲ. ತಪ್ಪು ಎಲ್ಲಿಯದು ಎಂದು ಅವರೊಬ್ಬರ ಹೊರತು ಯಾರಿಗೂ ಗೊತ್ತೇ ಇರಲಿಲ್ಲ.

ಮುಂದಿನ ರವಿವಾರ ಹೆಂಡತಿಯನ್ನು ಎದುರಿಗೆ ಕೂಡಿಸಿಕೊಂಡರು.

"ನೀ ಕನ್ನಡ ಓದು, ನಾ ಮರಾಠಿ ನೋಡ್ತೀನಿ. ಸರಿ ಇದ್ರ ಹೂಂ ಅಂತೀನಿ. ಹೂಂ ಬರಲಿಲ್ಲಾಂದ್ರ ಅದ ಸಾಲು ಮತ್ತ ಓದು."

"ನನಗ ಬರ್ತದೇನ್ರಿ ಇದೆಲ್ಲಾ?" ಎಂದಿದ್ದರು ಗಂಗೂಬಾಯಿ. ಬೈಲಹೊಂಗಲದಲ್ಲಿ ಏಳನೆಯ ಇಯತ್ತೆಗೇ ಸಾಲೆ ಬಿಟ್ಟವರು. ಹೆದರಿಕೊಂಡೇ ಓದಿದರು.

ಆಮೇಲೆ ಪಂಢರಿನಾಥರು ನೌಕರಿ ಬಿಟ್ಟು ಈ ವಾಡೆಯ ಮೆಟ್ಟಿಲ ಬಳಿ ಭಾಷಾಂತರದ ಬೋರ್ಡು ಹಾಕಿದರು. ನೆಂಟರಿಷ್ಟರು ನಕ್ಕರು. ಎರಡು ಭಾಷೆ ಇಲ್ಲಿ ಹಾಲು ಹಾಕುವವನಿಗೂ ಬರುತ್ತವೆ, ಅದೂ ಒಂದು ಕಸಬೇ? ಕಸಬಾಯಿತು. ಕೋರ್ಟಿನ ಕಾಗದ, ಹೊಲದ ಉತಾರೆ, ಔಷಧದ ಚೀಟಿ, ಮುರಿದ ಮದುವೆಯ ಅರ್ಜಿ, ಏನು ಬಂದರೂ ಮಾಡಿದರು. ನಲವತ್ತು ವರ್ಷ, ಮುಂಜಾನೆಯ ಚಹಾ ಆದ ಮೇಲೆ ತಾಳೆ. ಒಂದು ಸಾಲು, ಒಂದು ಹೂಂ.

ಗಂಡ ಹೆಂಡತಿಯ ನಡುವೆ ಬೇರೆ ಮಾತು ಅಷ್ಟಕ್ಕಷ್ಟೇ. ಪ್ರೀತಿ ಗೀತಿ ಎಂದು ಬಾಯಿಬಿಟ್ಟು ಆಡಿದವರಲ್ಲ. ಚೆಂದದ ಸಾಲು ಬಂದಾಗ ಆ ಹೂಂ ತುಸು ಉದ್ದವಾಗುತ್ತಿತ್ತು, ಗಂಗೂಬಾಯಿಗೆ ಆ ದಿನಕ್ಕೆ ಅಷ್ಟು ಸಾಕು. ಗೂಳಪ್ಪನ ನೋಟ್‌ಬುಕ್ಕು ಬಂದ ಮೇಲೆ ಉದ್ದದ ಹೂಂಗಳೇ ಹೆಚ್ಚಾದವು. ಇಷ್ಟು ವರ್ಷಕ್ಕೆ ಒಂದು ಮನಸ್ಸಿನ ಕೆಲಸ ಸಿಕ್ಕಿತು ನೋಡು ಎಂದಿದ್ದರು ಪಂಢರಿನಾಥರು. ನಿನ್ನೆ ಸಂಜೆ ಕಡೆಯ ಪುಟವನ್ನು ಮೇಜಿನ ಮೇಲಿಟ್ಟು, ಮುಂಜಾನೆ ತಾಳೆ ನೋಡೋಣ ಎಂದವರು ಚಹಾಕ್ಕೆ ಏಳಲೇ ಇಲ್ಲ.

*

ನಾಲ್ವರು ದೇಹವನ್ನು ಮತ್ತೆ ಕೆಳಗಿಟ್ಟರು. ಗಂಗೂಬಾಯಿ ನೋಟ್‌ಬುಕ್ಕು ತೆಗೆದುಕೊಂಡು ಗಂಡನ ಪಕ್ಕ ಕೂತರು. ಮರಾಠಿಯ ಹಾಳೆಯನ್ನು ಅವರ ಎದೆಯ ಮೇಲೆ, ಹಾರದ ಮೇಲೆಯೇ ಇಟ್ಟರು. ವಿಕ್ರಮ ಕಿಟಕಿಯಿಂದ ಬಾಗಿ, ಹತ್ತು ನಿಮಿಷ ತಡೆಯಲು ಗಾಡಿಯವನಿಗೆ ಮರಾಠಿಯಲ್ಲಿ ಕೂಗಿ ಹೇಳಿದ.

"ರಿಟೈರ ಆದ ದಿನ ನಾನು ಹಳಿ ಗುಂಟ ನಡಕೋತ ಮನಿಗೆ ಹೋದೆ," ಎಂದು ಓದಿ ನಿಂತರು. ಗಂಡನ ಮುಖ ನೋಡಿದರು. ಪದ್ಧತಿಯಂತೆ ಅದೇ ಸಾಲನ್ನು ಮತ್ತೆ ಓದಿದರು.

ಅವರಿಗೇನೂ ಹುಚ್ಚು ಹಿಡಿದಿರಲಿಲ್ಲ. ಸತ್ತವರು ಹೂಂಗುಡುವುದಿಲ್ಲ ಎಂದು ತಿಳಿದಿತ್ತು. ಆದರೂ ಕಿವಿ ಕಾದೇ ಕಾಯಿತು. ಒಂದೇ ಒಂದು ಹೂಂ ಕೇಳಿದ್ದರೆ ಸಾಕಿತ್ತು, ಗಿಡ್ಡದ್ದಾದರೂ. ಮೂರನೆಯ ಸಲ ಓದುವಾಗ ದನಿ ಒಡೆಯಿತು.

ಮಗಳು ಅನುಜಾ ಬಂದು ಎದುರಿಗೆ ಕೂತಳು. ಮರಾಠಿ ಸಾಲೆಯಲ್ಲಿ ಕಲಿತವಳು, ಕನ್ನಡ ಆಡುತ್ತಾಳೆ, ಓದಲು ಬಾರದು. ಚಿಕ್ಕವಳಿದ್ದಾಗ ರಜೆಯ ದಿನವೂ ಈ ತಾಳೆಯ ಗುಣುಗುಣುವಿಗೇ ಎಚ್ಚರವಾಗಿ ರೇಗುತ್ತಿದ್ದಳು. ಅಪ್ಪನ ಎದೆಯ ಮೇಲಿನ ಹಾಳೆಯನ್ನು ಎತ್ತಿಕೊಂಡಳು.

"ಹೂಂ," ಎಂದಳು.

ಗಂಗೂಬಾಯಿ ಮಗಳನ್ನು ನೋಡಲಿಲ್ಲ. ಮುಂದಿನ ಸಾಲಿಗೆ ಹೋದರು. ಸಾಲು, ಹೂಂ. ಸಾಲು, ಹೂಂ. ಬಾಗಿಲಲ್ಲಿ ಗೂಳಪ್ಪನ ತುಟಿಗಳೂ ಸದ್ದಿಲ್ಲದೆ ಆಡುತ್ತಿದ್ದವು.

"ಹಿಂದ ತಿರುಗಿ ನೋಡಲಿಲ್ಲ."

"ಹೂಂ. ಮುಗೀತು, ಆಯಿ."

ಗಂಗೂಬಾಯಿ ನೋಟ್‌ಬುಕ್ಕಿನ ಹಾಳೆ ಮಗುಚಿದರು. ಬೆನ್ನಿಗೆ ಇನ್ನೊಂದು ಸಾಲಿತ್ತು. "ನೋಡಿದ್ದರ ಎಲ್ಲ್ಯರ ಒಂದು ನಟ್ಟು ಸಡ್ಲ ಕಾಣತಿತ್ತು, ಮತ್ತ ನಿಂದರಬೇಕಾಗತಿತ್ತು."

ಹೂಂ ಬರಲಿಲ್ಲ. ಮತ್ತೆ ಓದಿದರು.

"ಆಯಿ," ಅನುಜಾ ಮೆಲ್ಲಗೆ ಹೇಳಿದಳು, "ಇದನ್ನ ಬಾಬಾ ಬರದಿಲ್ಲ."

ಪಂಢರಿನಾಥರು ಮಗುಚಿ ನೋಡದೆ ಬಿಟ್ಟಿದ್ದರು. ನಲವತ್ತು ವರ್ಷದ ಹಿಂದೆ ಬಿಟ್ಟಂತೆ, ಮತ್ತೆ ಒಂದು ಸಾಲು. ವಿಕ್ರಮ ಈಗ ಗಡಿಯಾರ ನೋಡುತ್ತಿರಲಿಲ್ಲ. ಗಂಗೂಬಾಯಿ ಮೇಜಿನ ಮೇಲಿನ ಪೆನ್ಸಿಲ್ಲನ್ನು ತಂದು ಮಗಳ ಕೈಗಿಟ್ಟರು.

"ನೀ ಬರಿ."

"ನನಗೆಲ್ಲಿ ಬರ್ತದ, ಆಯಿ?"

"ನನಗೂ ಬರ್ತಿದ್ದಿಲ್ಲ."

ಅನುಜಾ ಬರೆದಳು, ಹೊಡೆದುಹಾಕಿದಳು, ಮತ್ತೆ ಬರೆದಳು. ಆಮೇಲೆ ಅದನ್ನು ಮರಾಠಿಯಲ್ಲಿ ಗಟ್ಟಿಯಾಗಿ ಓದಿದಳು. ಎದುರು ಮನೆಯ ಮುದುಕಿಗೆ ಇಷ್ಟು ಹೊತ್ತು ಓದಿದ್ದರಲ್ಲಿ ತಿಳಿದ ಮೊದಲ ಸಾಲು ಅದು. ಅವಳು ಸೆರಗನ್ನು ಕಣ್ಣಿಗೊತ್ತಿಕೊಂಡಳು.

ಗಂಗೂಬಾಯಿ ಕನ್ನಡದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೇಳಿಸಿಕೊಂಡರು. ಈ ನಲವತ್ತು ವರ್ಷದಲ್ಲಿ ಒಮ್ಮೆಯೂ ಅವರು ಆಡಬೇಕಾಗಿ ಬಂದಿರದ ಮಾತು ಅವರ ಗಂಟಲಿನಿಂದ ಬಂತು.

"ಹೂಂ."

ತುಸು ಉದ್ದವಾಗಿಯೇ ಬಂತು. ಹಾಳೆಗಳನ್ನು ಜೋಡಿಸಿ ಗೂಳಪ್ಪನಿಗೆ ಕೊಟ್ಟು, ಆ ನಾಲ್ವರ ಕಡೆ ತಿರುಗಿ, "ಎತ್ರಿ ಈಗ," ಎಂದರು.

ಗೂಳಪ್ಪ ಹಾಳೆಗಳನ್ನು ಎದೆಗವಚಿಕೊಂಡು ಮೊದಲು ಹೊಸ್ತಿಲು ದಾಟಿದ. ಅವನ ಹಿಂದೆ ಪಂಢರಿನಾಥರು ದಾಟಿದರು.