ಕಾಸಗಲ ಬಿಳುಪು

ತಣ್ಣಗಿದೆ ಬಟ್ಟೆ, ಬಾವಿಯ ನೀರಿನಲ್ಲಿ ಅದ್ದಿದ್ದು, ಒಂದು ಹನಿ ಮೂಗಿನ ಮೇಲಿಂದ ಇಳಿದು ತುಟಿಗೆ ಬಂತು, ಉಪ್ಪಿಲ್ಲ, ಹಾಗಾದರೆ ಇದು ನೀರೇ, ನಾನು ಅಳುತ್ತಿಲ್ಲ — ಗದ್ದ ಹಿಡಿದು ಮುಖ ಮೇಲೆತ್ತಿದ್ದಾಳೆ ಮುಕ್ತಾಬಾಯಿ, ನನ್ನ ಗಂಡ ದಿಗಂಬರನ ಸೋದರತ್ತೆ, ಹಣೆ ಬರಿದಾಗಿ ಮೂವತ್ತು ವರ್ಷವಾದ ಮುದುಕಿ, ಅದಕ್ಕೇ ಈ ಕೆಲಸ ಅವಳ ಪಾಲಿಗೆ, ಇವತ್ತು ಹತ್ತನೆಯ ದಿನ, ಈ ಹೊತ್ತಿನಲ್ಲಿ ಮುತ್ತೈದೆಯರು ಹಿತ್ತಲಿಗೆ ಬರುವಂತಿಲ್ಲ, ಬಳೆ ಒಡೆಯುವುದನ್ನೂ ಕುಂಕುಮ ಒರಸುವುದನ್ನೂ ನೋಡುವಂತಿಲ್ಲ, ನನ್ನ ಅವ್ವ ಕೂಡ ಒಳಗೇ ಇದ್ದಾಳೆ, ಬಾಗಿಲ ಹಿಂದೆ ಅವಳ ಕೆಮ್ಮು ಕೇಳುತ್ತದೆ, ಅತ್ತೆ ಕೇಶರಬಾಯಿಯೂ ಒಳಗೆ, ಅವಳ ಕೆಮ್ಮೂ ಇಲ್ಲ. ಅಲುಗಾಡಬ್ಯಾಡ ಯಶೋದಾ, ಮೇಣ ಅಂಟಿ ಕುಂತದ, ಬಿಡವಲ್ದು. ಅಲುಗಾಡಬೇಡ ಎಂದು ದವಾಖಾನೆಯ ರಹೀಮಾಬಿಯೂ ಹೇಳುತ್ತಿದ್ದಳು, ದೀಪದ ಕೆಳಗೆ, ಇದೇ ಊರಿನಲ್ಲಿ, ಇಲ್ಲಿಂದ ನಾಲ್ಕು ಓಣಿ ಆಚೆ — ಈ ಹುಮನಾಬಾದಿಗೆ ನಾನು ಹದಿನಾರು ಸಲ ಬಂದಿದ್ದೆ, ಹದಿನಾರು ಸಲವೂ ಈ ಮನೆಯ ಹೊಸ್ತಿಲು ದಾಟಲಿಲ್ಲ, ಲಗ್ನವಾಗಿ ಐದು ವರ್ಷವಾದರೂ ದಾಟಲಿಲ್ಲ, ಹದಿನೇಳನೆಯ ಸಲ ದಾಟಿದೆ, ಒಳಗೆ ಗಂಡ ಇರಲಿಲ್ಲ, ಕಾಲರಾ ಬಂದು ಸತ್ತವರನ್ನು ಇಟ್ಟುಕೊಳ್ಳುವುದಿಲ್ಲವಂತೆ, ಆಗಲೇ ಒಯ್ದಿದ್ದರು, ಅವನ ಚಪ್ಪಲಿ ಮಾತ್ರ ಬಾಗಿಲ ಬಳಿ ಇದ್ದವು, ಎಡದ್ದರ ಹಿಮ್ಮಡಿ ಸವೆದಿತ್ತು.

ಒಂದು ಮೊಡವೆಗಾಗಿ ಇಷ್ಟು ದೊಡ್ಡ ಸಂಸಾರ ಕಾಯಬೇಕಾಗುತ್ತದೆಂದು ಯಾರಿಗೆ ಗೊತ್ತಿತ್ತು, ಹದಿನಾರು ತುಂಬಿದಾಗ ಗಲ್ಲದ ಮೇಲೆ ಒಂದು ಎದ್ದಿತು, ಅವ್ವ ನಕ್ಕಳು, ಗಂಡ ನೆನಸಾಕತ್ಯಾನ, ಅದಕ್ಕ ಎದ್ದದ, ಅಂದಳು, ಆಮೇಲೆ ಅವನು ಹಗಲೂ ರಾತ್ರಿ ನನ್ನನ್ನೇ ನೆನೆಯುತ್ತಿದ್ದನೋ ಏನೋ, ಗಲ್ಲ, ಗದ್ದ, ಹಣೆ, ಎಲ್ಲಿ ಬೆರಳಿಟ್ಟರೆ ಅಲ್ಲಿ ನೋವು, ಕೆಂಪಗೆ, ಕೀವು ತುಂಬಿ, ಅರಿಶಿಣ ಹಚ್ಚಿದರು, ಗಂಧ ತೇಯ್ದರು, ಬೇವಿನ ಸೊಪ್ಪು ಅರೆದು ಮೆತ್ತಿದರು, ನನ್ನ ಮುಖ ಯಾವುದೋ ಕಟ್ಟೆಯ ಮೇಲಿನ ದೇವರ ಹಾಗೆ ದಿನಕ್ಕೊಂದು ಬಣ್ಣದ್ದಾಯಿತು, ಮೊಡವೆ ಮಾತ್ರ ಜಗ್ಗಲಿಲ್ಲ. ನನ್ನನ್ನು ಗಂಡನ ಮನೆಗೆ ನಡೆಯಲು ಕರೆದೊಯ್ಯುವ ದಿನ ಗೊತ್ತು ಮಾಡಲು ಕೇಶರಬಾಯಿ ನಮ್ಮೂರು ಕಲ್ಯಾಣಕ್ಕೆ ಬಂದಾಗ ನಾನು ಸೆರಗು ಎಳೆದುಕೊಂಡು ನೀರು ಕೊಟ್ಟೆ, ಅವಳು ಸೆರಗನ್ನು ಎರಡು ಬೆರಳಿಂದ ಸರಿಸಿದಳು, ನೀರು ಕುಡಿಯಲಿಲ್ಲ, ಚೊಂಬು ಅಲ್ಲೇ ಇಟ್ಟಳು, ಬೀಗರೇ, ಇದು ಮೊಡವಿನೋ ಮತ್ತೊಂದೋ, ಮುಖ ಸ್ವಚ್ಛ ಆಗಲಿ, ಮರುದಿನಾನೇ ಬಂಡಿ ಕಳಸ್ತೀನಿ. ಮತ್ತೊಂದು ಅಂದರೆ ಮಹಾರೋಗ, ಕುಷ್ಠ, ಆ ಮಾತನ್ನು ಬಾಯಿಬಿಟ್ಟು ಆಡಬೇಕಾಗಿರಲಿಲ್ಲ, ಓಣಿ ಆಡಿಕೊಂಡಿತು, ಬಾವಿಯ ಹತ್ತಿರ ನನ್ನ ಕೊಡಕ್ಕೆ ಜಾಗ ತಾನಾಗಿಯೇ ಆಗತೊಡಗಿತು, ಹೆಂಗಸರು ಸರಿದು ನಿಲ್ಲುತ್ತಿದ್ದರು, ಇಂಥ ಮರ್ಯಾದೆ ಯಾವ ರಾಣಿಗೂ ಇರಲಿಕ್ಕಿಲ್ಲ. ಮೂರು ಸಲ ಅಪ್ಪ ಪಂಚಾಂಗ ನೋಡಿಸಿದ, ಮೂರು ಸಲವೂ ಬಂಡಿ ಬರಲಿಲ್ಲ. ಆಗ ಅಪ್ಪನ ಎಲೆ ಅಂಗಡಿಯಲ್ಲಿ ಯಾರೋ ಹೇಳಿದರು, ಹುಮನಾಬಾದಿಗೆ ಹೈದರಾಬಾದಿನಿಂದ ಒಬ್ಬ ಡಾಕ್ಟರ್ ಸಾಹೇಬ ಬಂದಿದ್ದಾನೆ, ಅವನ ಹತ್ತಿರ ಒಂದು ಬಿಜಲಿ ದೀಪ ಇದೆ, ಬೆಳಕು ಬಿಟ್ಟೇ ಮೊಡವೆ ಒಣಗಿಸುತ್ತಾನೆ, ಔಷಧಿಯಿಲ್ಲ, ಚಾಕುವಿಲ್ಲ. ಅಪ್ಪ ಅವತ್ತು ಅಂಗಡಿಯನ್ನು ಮಧ್ಯಾಹ್ನವೇ ಮುಚ್ಚಿ ಮನೆಗೆ ಬಂದ.

ಇದ್ದಿಲಿನ ಮೋಟಾರು, ಯುದ್ಧದ ಕಾಲ, ಪೆಟ್ರೋಲಿಲ್ಲ, ಬೆನ್ನಿಗೆ ಒಂದು ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಹೋಗುತ್ತದೆ, ರಾಜೇಶ್ವರದಲ್ಲಿ ನಿಂತು ಇದ್ದಿಲು ತಿನ್ನುತ್ತದೆ, ಸೋಮವಾರ ಗುರುವಾರ, ಎಂಟು ವಾರ, ಅಪ್ಪ ಮುಂದೆ, ನಾನು ಅವ್ವ ಹಿಂದೆ, ಹೊರಡುವ ಮುಂಚೆ ಅವ್ವ ಮೇಣ ಹಚ್ಚಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದಳು, ಕಾಸಗಲ, ದಪ್ಪಗೆ, ಗಂಡನ ಊರಿಗೆ ಹೋಗಾಕತ್ತಿ, ಹಣಿ ತುಂಬಿರಬೇಕು. ದವಾಖಾನೆಯಲ್ಲಿ ಪರದೆಯ ಈಚೆ ನಾವು, ಆಚೆ ಡಾಕ್ಟರ್ ಸಾಹೇಬ, ಹೆಂಗಸರ ಮುಖ ನೋಡುವುದಿಲ್ಲ, ಗಡಿಯಾರ ಹಿಡಿದು ಎಣಿಸುತ್ತಾನೆ ಅಷ್ಟೇ, ಮಾಡುವುದೆಲ್ಲ ರಹೀಮಾಬಿ, ಸಾಬೂನಿನಿಂದ ಮುಖ ತೊಳೆಸುವುದು, ಕರಿ ಕನ್ನಡಕ ಹಾಕುವುದು, ತುಟಿಗೆ ಹತ್ತಿ ಇಡುವುದು, ದಾರ ಹಿಡಿದು ದೀಪಕ್ಕೂ ಮೂಗಿಗೂ ದೂರ ಅಳೆಯುವುದು. ಮುಖದ ಮೇಲೆ ಏನೂ ಇರಬಾರದು, ಎಣ್ಣೆ, ಅರಿಶಿಣ, ಕುಂಕುಮ, ಏನೂ, ಎಂದು ಪರದೆಯ ಆಚೆಯಿಂದ ಮೊದಲನೆಯ ದಿನವೇ ಹೇಳಿದ್ದ, ಇದ್ದಲ್ಲಿ ಬೆಳಕು ಇಳಿಯುವುದಿಲ್ಲ. ರಹೀಮಾಬಿ ಒದ್ದೆ ಹತ್ತಿ ಹಿಡಿದು ನನ್ನ ಹಣೆಗೆ ಬಂದಳು, ನಾನು ಅವಳ ಕೈ ಹಿಡಿದೆ, ಗಟ್ಟಿಯಾಗಿ ಹಿಡಿದೆನೋ ಏನೋ, ಅವಳ ಬಳೆ ಒತ್ತಿತು, ಬ್ಯಾಡ್ರಿ, ಅವರು ಇದೇ ಊರಾಗ ಇದ್ದಾರ್ರಿ, ಅವರಿರೋ ಊರಾಗ ನಾ ಹ್ಯಾಂಗ ಒರಸಲಿ. ಅವ್ವ ಮೂಲೆಯಲ್ಲಿ ಸೆರಗಿನ ತುದಿ ಕಚ್ಚಿ ಕೂತಿದ್ದಳು. ಮುಖ ಸಾಫ್ ಐತೇನು ಎಂದು ಆಚೆಯಿಂದ ಕೇಳಿತು. ರಹೀಮಾಬಿ ನನ್ನನ್ನೇ ನೋಡಿದಳು, ಹತ್ತಿ ಕೆಳಗಿಟ್ಟಳು, ಸಾಫ್ ಐತ್ರಿ ಸಾಬ್, ಅಂದಳು. ಹದಿನಾರು ಸಲ ನನಗಾಗಿ ಅದೇ ಸುಳ್ಳು ಹೇಳಿದಳು, ನನ್ನ ಜಾತಿಯವಳಲ್ಲ, ಬಳಗವಲ್ಲ. ಹಿಂದೆ ದೀಪದ ಇಂಜಿನು ಡಗ್ ಡಗ್ ಎನ್ನುತ್ತಿತ್ತು, ದೀಪ ನೀಲಿಗೆ ಹತ್ತಿತು, ಸಿಡಿಲು ಬಡಿದ ಮೇಲೆ ಗಾಳಿಗೆ ಬರುತ್ತದಲ್ಲ ಆ ವಾಸನೆ, ಆಚೆಯಿಂದ ಎಣಿಕೆ, ದಸ್, ಬೀಸ್, ತೀಸ್, ಮೊದಲ ದಿನ ಮೂವತ್ತು ಸೆಕೆಂಡು ಅಷ್ಟೇ, ಬರಬರುತ್ತಾ ಮೂರು ನಿಮಿಷ, ನಾಲ್ಕು, ಮುಖ ಕೆಂಪಾಗಿ ಉರಿಯಿತು, ಈರುಳ್ಳಿ ಸಿಪ್ಪೆಯಂತೆ ಸುಲಿಯಿತು, ಆಮೇಲೆ ಕಂದಿತು, ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಮೊಡವೆ ಹುಟ್ಟುಗುಣವಲ್ಲ, ಸುಟ್ಟ ಮೇಲೆ ಹೋಯಿತು.

ಐದನೆಯ ಸಲವೋ ಆರನೆಯ ಸಲವೋ ಹೊರಗಿನ ಬೆಂಚಿನ ಮೇಲೆ ಅವನು ಕೂತಿದ್ದ, ಹಲ್ಲುನೋವಂತೆ, ಗಲ್ಲಕ್ಕೆ ಅಂಗವಸ್ತ್ರ ಸುತ್ತಿಕೊಂಡಿದ್ದ, ಹಲ್ಲುನೋವಿನವನು ಪುಟಾಣಿ ತಿನ್ನುತ್ತಾನೆಯೇ, ಅಪ್ಪ ಅವನನ್ನು ನೋಡಿ ಮೋಟಾರು ಎಷ್ಟೊತ್ತಿಗೆಂದು ಕೇಳಲು ಹೋದ, ಅವ್ವ ನೀರು ಕುಡಿಯಲು ಹೋದಳು, ನನ್ನ ತಂದೆತಾಯಿಗೆ ಒಂದೇ ಹೊತ್ತಿಗೆ ಕೆಲಸ ನೆನಪಾಯಿತು. ಲಗ್ನದ ದಿನ ಅಂತರಪಟ ಸರಿದಾಗ ನೋಡಿದ್ದೇ ನೋಡಿದ್ದು, ಈಗ ಮೀಸೆ ಬಂದಿದೆ. ಉರೀತದೇನು, ಅಂದ. ಇಲ್ರಿ, ಅಂದೆ. ಸುಳ್ಳು, ಅಂದ, ಅಂಗವಸ್ತ್ರ ಬಿಚ್ಚಿ ಮೂಗು ಮುಂದೆ ಮಾಡಿದ, ಇದನ್ನ ನೋಡು, ಮೂಗಿನ ತುದಿಗೆ ಕೂತದ, ಬೆನ್ನಿನ ತುಂಬಾ ಅವ, ಇವಕ್ಕ ಯಾರೂ ದೀಪ ಹಚ್ಚಲಿಲ್ಲ, ನಮ್ಮವ್ವ ನನ್ನ ಮನಿ ಹೊರಗ ನಿಲ್ಲಸಲಿಲ್ಲ. ನಾನು ನಕ್ಕೆ, ಸುಟ್ಟ ಗಲ್ಲ ಬಿರಿದು ಕಣ್ಣಲ್ಲಿ ನೀರು ಬಂತು. ಕನ್ನಡಕದ ಜಾಗ ಬೆಳ್ಳಗೆ, ಉಳಿದದ್ದು ಕಂದು, ಗೂಬಿ ಆಗೀದಿ ನೋಡು, ಅಂದ, ಹೋಗಬೇಕಾದರೆ ತಿರುಗಿ ನಿಂತು, ಎಲ್ಲಾ ಸುಟ್ಟಕೊಂಡ ಬರಬ್ಯಾಡ, ಒಂದರೆ ಮೊಡವಿ ಉಳಿಸಿಕೋ, ಇಲ್ಲಾಂದ್ರ ಮನಿಗೆ ಬಂದಾಗ ನಿನ್ನ ಗುರುತು ಹ್ಯಾಂಗ ಹಿಡೀಲಿ. ಅವನಿಗೆ ನಾನು ರೀ ಎನ್ನಬೇಕು, ಬಾಯಲ್ಲಿ ಅಂದೆ, ಮನಸ್ಸಿನಲ್ಲಿ ಯಾವತ್ತೂ ಅನ್ನಲಿಲ್ಲ. ಪ್ರತಿ ಗುರುವಾರ ಅವನಿಗೆ ಹಲ್ಲುನೋವು ಬಂತು, ಬೇರೆ ಬೇರೆ ಹಲ್ಲು. ಕನ್ನಡಕದ ಬಿಳಿ ಹೋಗ್ತದೇನ್ರಿ ಎಂದು ರಹೀಮಾಬಿಯನ್ನು ಕೇಳಿದೆ, ಬಿಸಲಿಗಿ ಬಿಡು ಬೇಟಿ, ಬಿಸಲು ಎಲ್ಲಾ ಸಮಾ ಮಾಡ್ತದ, ಹೌದು, ಬೇಸಗೆಯಲ್ಲಿ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕುವಾಗ ಒಂದೇ ತಿಂಗಳಿಗೆ ಕಣ್ಣ ಸುತ್ತ ಸಮವಾಯಿತು. ಕೇಶರಬಾಯಿ ಬಂದು ಸೆರಗು ಸರಿಸಿದಳು, ಈ ಸಲ ನೀರು ಕುಡಿದಳು, ಕಾರಹುಣ್ಣಿಮೆ ಮುಗಿಯಲಿ, ಬಂಡಿ ಕಳಸ್ತೀನಿ. ಅವ್ವ ಹಸಿರು ಸೀರೆ ತೆಗೆದಿಟ್ಟಳು. ಬಂಡಿ ಬಂತು, ಹೇಳಿದ್ದಕ್ಕಿಂತ ಎಂಟು ದಿನ ಮೊದಲೇ ಬಂತು, ನಾನು ಒಳಗೆ ಓಡಿ ಕನ್ನಡಿ ನೋಡಿಕೊಂಡೆ, ಅಯ್ಯೋ, ಕನ್ನಡಿ ನೋಡಿಕೊಂಡೆ, ತಲೆ ಬಾಚಿಕೊಂಡೆ, ಹೊರಗೆ ಬಂಡಿಯವನು ಇಳಿಯದೆ ಕೂತಿದ್ದ, ಅಪ್ಪ ಚಕ್ರ ಹಿಡಿದು ನೆಲಕ್ಕೆ ಕೂತಿದ್ದ. ಮೊದಲ ಮಳೆಯ ನೀರು, ವಾಂತಿಭೇದಿ, ಬೆಳಗ್ಗೆ ಇದ್ದ, ಸಂಜೆಗೆ ಇಲ್ಲ. ಹಸಿರು ಸೀರೆ ಈಗಲೂ ಮಡಿಕೆ ಬಿಚ್ಚಿಲ್ಲ.

ಈ ಹತ್ತು ದಿನ ಈ ಮನೆಯಲ್ಲಿ ನನ್ನ ಜೊತೆ ಯಾರೂ ಮಾತಾಡಲಿಲ್ಲ, ನನ್ನ ಬಗ್ಗೆ ಆಡಿದರು, ಚಂದ ಆಗಾಕ ಹೋಗಿ ದೀಪದ ಮುಂದ ಕುಂಕುಮ ಒರಸಿ ಕುಂತಳು, ಹದಿನಾರು ಸಲ ಒರಸಿದಳು, ನನ್ನ ಮಗನ ಊರಾಗ ಕುಂತು ಒರಸಿದಳು, ಅವನನ್ನ ನುಂಗಿದಳು, ಎಂದು ಕೇಶರಬಾಯಿ ಬಂದವರಿಗೆಲ್ಲ ಹೇಳಿದಳು, ಇಲ್ರಿ ಅತ್ತೀ, ಒಂದ ಸಲನೂ ಒರಸಿಲ್ರಿ, ಅಂದೆ, ಅವ್ವನೂ ಆಣೆ ಮಾಡಿದಳು, ಡಾಕ್ಟರ ಬಿಡ್ತಾನೇನು, ಅವನ ಕಾಯಿದೆ ಊರಿಗೇ ಗೊತ್ತದ, ಎಂದು ಕೇಶರಬಾಯಿ ಮುಖ ತಿರುಗಿಸಿದಳು. ಗಾಯದ ಮೇಲೆ ಬರೆ. ನಾಳೆ ನನ್ನನ್ನು ಕಲ್ಯಾಣಕ್ಕೆ ತಿರುಗಿ ಕಳಿಸುತ್ತಾರಂತೆ, ಕಳಿಸಲಿ, ಈ ಮನೆಯಲ್ಲಿ ನನಗೆ ಏನೂ ಬೇಡ, ಆ ಚಪ್ಪಲಿಯೂ ಬೇಡ, ಇದೊಂದು ಬೇಕು, ನಾನು ಒರಸಲಿಲ್ಲ ಎಂದು ಅವನ ತಾಯಿ ನಂಬಬೇಕು, ಇಲ್ಲವಾದರೆ ಕಲ್ಯಾಣದ ಬಾವಿಯ ಬಳಿ ಹೆಂಗಸರು ಮತ್ತೆ ಸರಿದು ನಿಲ್ಲುತ್ತಾರೆ, ಈ ಸಲ ಮೊಡವೆಗಲ್ಲ. ಹಾಂ — ಬಟ್ಟೆ ನಿಂತಿತು. ಮುಕ್ತಾಬಾಯಿ ಬಾಗಿ ನೋಡುತ್ತಿದ್ದಾಳೆ, ಅವಳ ಉಸಿರು ಹಣೆಗೆ ತಾಗುತ್ತಿದೆ, ಇದೇನಿದು, ಮೇಣ ಹೋತು, ಕುಂಕುಮ ಹೋತು, ಬೆಳ್ಳಗ ಏನು ಕುಂತದ ಇಲ್ಲಿ, ಮತ್ತೆ ಒರಸಿದಳು, ಬೂದಿ ತಂದು ಒರಸಿದಳು, ಹೋಗಲಿಲ್ಲ, ಕಾಸಗಲ ಅದ, ದುಂಡಗ, ನಡುವ ಒಂದಿಷ್ಟು ಕೆಂಪು ಉಳಿದದ, ಅದೂ ಬಿಡವಲ್ದು, ದಸ್, ಬೀಸ್, ತೀಸ್, ಹಣೆ ಉರಿಯುತ್ತಿದೆ, ನನಗೆ ತಿಳಿಯಿತು, ಅಯ್ಯೋ ತಿಳಿಯಿತು, ಕುಂಕುಮ ಇದ್ದಲ್ಲಿ ಬೆಳಕು ಇಳಿಯುವುದಿಲ್ಲ ಎಂದಿದ್ದನಲ್ಲ ಸಾಹೇಬ, ಬರಿ ಹಣೆಯನ್ನು ಕನ್ನಡಿಯಲ್ಲಿ ಮುತ್ತೈದೆ ನೋಡಬಾರದೆಂದು ನಾನು ಒಮ್ಮೆಯೂ ನೋಡಿಕೊಂಡಿರಲಿಲ್ಲ, ಮಿಂದು ಬಂದ ಕೂಡಲೇ ಅವ್ವ ಹಚ್ಚುತ್ತಿದ್ದಳು, ಅವಳು ನೋಡಿದ್ದಳೇನೋ, ಹೇಳಲಿಲ್ಲ.

ಕೇಶರಾ, ಹೊರಗ ಬಾ, ಎಂದು ಮುಕ್ತಾಬಾಯಿ ಕೂಗಿದಳು. ಬರಬಾರದು ಅಕ್ಕಾ, ನಾ ಹ್ಯಾಂಗ ಬರಲಿ. ಶಾಸ್ತ್ರ ಹಾಳಾಗಿ ಹೋಗಲಿ, ಬಾ. ಬಾಗಿಲು ಕಿರುಗುಟ್ಟಿತು, ಕೇಶರಬಾಯಿಯ ಪಾದ ಕಂಡವು, ಕಾಲುಂಗುರ ಕಂಡವು, ನಾನು ಮುಖ ಎತ್ತಲಿಲ್ಲ, ಮುದುಕಿಯೇ ಎತ್ತಿ ತೋರಿಸಿದಳು, ನೋಡು, ಈ ಹುಡುಗಿ ಒರಸಿದ್ದರ ಇಲ್ಲೂ ಕಂದತಿತ್ತು, ಮುಖ ಎಲ್ಲಾ ಸುಟ್ಟು ಕಂದ್ಯದ, ಇಷ್ಟ ಜಾಗಾ ಬಿಟ್ಟು. ಗಿಡದಲ್ಲಿ ಕಾಗೆ ಕೂಗಿತು, ಕೇಶರಬಾಯಿ ಕೆಸರಿನಲ್ಲೇ ಕೂತಳು, ಅವಳ ಹೆಬ್ಬೆರಳು ನನ್ನ ಹಣೆಗೆ ಬಂತು, ದುಂಡನೆಯ ಅಂಚಿನಗುಂಟ ಸುತ್ತಿತು, ಸಾಕ್ರಿ ಅಕ್ಕಾ, ಇನ್ನ ಒರಸಬ್ಯಾಡ್ರಿ, ನನ್ನ ಬಾಯಿಗೆ ಹುಳಾ ಬೀಳಲಿ, ಎಂದು ಅತ್ತಳು, ಮಗ ಹೋದಾಗ ಅತ್ತದ್ದಕ್ಕಿಂತ ಜೋರಾಗಿ ಅತ್ತಳು, ಒಳಗಿಂದ ಅವ್ವನೂ. ನಂಬಿದರು. ಇದೇ ಬೇಕಿತ್ತಲ್ಲವೇ ನನಗೆ, ಸಿಕ್ಕಿತು, ಸಿಕ್ಕಿ ಏನಾಯಿತು, ಅವನ ಆಯುಷ್ಯಕ್ಕೆಂದು ಉಳಿಸಿದ್ದು, ಆಯುಷ್ಯ ಹೋಯಿತು, ಗುರುತು ಉಳಿಯಿತು. ಬಕೆಟ್ಟಿನ ನೀರು ಅಲುಗಾಟ ನಿಲ್ಲಿಸಿದೆ, ಈಗ ನೋಡಬಹುದು, ಇನ್ನು ನೋಡಬಾರದೆಂಬ ಶಾಸ್ತ್ರ ನನಗಿಲ್ಲ, ಬಾಗಿದೆ, ಕಂದು ಮುಖ, ಒಂದು ಕಲೆಯಿಲ್ಲ, ಸ್ವಚ್ಛ, ಹಣೆಯ ಮೇಲೆ ಕಾಸಗಲ ಬಿಳುಪು, ಅದರ ನಟ್ಟನಡುವೆ ಒಂದು ಕೆಂಪು, ಮುದುಕಿ ಕುಂಕುಮವೆಂದು ಬೂದಿ ಹಾಕಿ ತಿಕ್ಕಿದ್ದು ಅದನ್ನೇ, ಅದು ಕುಂಕುಮವಲ್ಲ, ಮೊಡವೆ, ಮೇಣದ ಕೆಳಗೆ ಅಡಗಿ ಕೂತದ್ದು, ದೀಪ ಮುಟ್ಟದೆ ಬಿಟ್ಟ ಒಂದೇ ಒಂದು. ಹಿತ್ತಲ ಗೋಡೆಯ ಮೇಲೆ ಬಿಸಿಲು ಬಂತು, ಮೋಡ ಸರಿದಿದೆ, ಗೋಡೆಯಿಂದ ಇಳಿದು ಬಾವಿಕಟ್ಟೆಗೆ ಬಂತು, ಬಿಸಲು ಎಲ್ಲಾ ಸಮಾ ಮಾಡ್ತದ ಬೇಟಿ, ನನ್ನ ಮೊಣಕಾಲಿಗೆ ಬಂತು, ನಾನು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡೆ, ನೋಡ್ರಿ ಅಕ್ಕಾ, ಎಷ್ಟ ನಾಚಗಿ, ಅಂದಳು ಕೇಶರಬಾಯಿ ಅಳುತ್ತಲೇ, ನಾಚಿಕೆಯಲ್ಲ ಅತ್ತೀ, ಬಿಸಿಲು ಬೀಳಬಾರದು, ಇದು ಸಮವಾಗಬಾರದು, ಅವತ್ತು ಬೆಂಚಿನ ಹತ್ತಿರ ಒಂದರೆ ಉಳಿಸಿಕೋ ಅಂದಿದ್ದೆಯಲ್ಲ ನೀನು, ಉಳಿದಿದೆ, ಮನೆಗೆ ಬಂದಿದ್ದೇನೆ, ನೋಡು, ಬಿಳಿ, ದುಂಡಗೆ, ನಡುವೆ ಕೆಂಪಗೆ ಒಂದು, ಒಂದು, ಒಂದೇ