ಭಾವನವರ ಹೆಗಲ ಮೇಲಿನ ಹುಡಿ

ಖರ್ಜೂರದ ಹೂವಿನ ಗೊಂಚಲು ದೇವರಿಗೆ ಏರಿಸುವ ಅಡಿಕೆಯ ಹಿಂಗಾರವಲ್ಲ. ಇದನ್ನು ನಮ್ಮ ಭಾವನವರಿಗೆ ಯಾರೂ ಹೇಳಿರಲಿಲ್ಲ ಎಂದುಕೊಳ್ಳಬೇಡಿ. ನಾನೇ ಹೇಳಿದ್ದೆ, ಮರದ ಬುಡದಲ್ಲಿ ನಿಂತು, ಬೆರಳು ಮಾಡಿ ತೋರಿಸಿ.

ಬನಹಟ್ಟಿಯ ನಮ್ಮ ಮನೆಯ ಹಿತ್ತಿಲಲ್ಲಿ ಎರಡು ಖರ್ಜೂರದ ಮರಗಳಿವೆ. ಸಾವಳಗಿಯ ತವರಿನಿಂದ ಸಸಿ ತಂದು, ನೂಲಿಗೆ ಹಾಕುವ ಬಣ್ಣದ ನೀರು ಬುಡಕ್ಕೆ ಹರಿಯದಂತೆ ಕಾದು ಬೆಳೆಸಿದವಳು ನಾನು. ಈ ವರ್ಷ ಎರಡೂ ಮೊದಲ ಸಲ ಹೂ ಬಿಟ್ಟವು. ಒಂದು ಗಂಡು, ಒಂದು ಹೆಣ್ಣು. ಗಂಡು ಹೂವಿನ ಹುಡಿ ಹೆಣ್ಣು ಹೂವಿಗೆ ಬಿದ್ದರೆ ಮಾತ್ರ ಹಣ್ಣು. ಗಾಳಿಯನ್ನು ನಂಬಿ ಕೂರುವಂತಿಲ್ಲ, ಕೈಯಿಂದಲೇ ಉದುರಿಸಬೇಕು. ಗಂಡು ಮರ ಬಿಟ್ಟಿದ್ದೋ ಒಂದೇ ಗೊಂಚಲು.

ಭಾವ ಗಿರಮಲ್ಲಪ್ಪನವರಿಗೆ ಆ ಜಾಗದಲ್ಲಿ ಇನ್ನಷ್ಟು ಮಗ್ಗ ಹಾಕಬೇಕು. ಈ ಸಲ ಕಾಯಿ ಕಟ್ಟದಿದ್ದರೆ ಎರಡೂ ಮರ ಕಡಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ನನ್ನ ಗಂಡ ಮುತ್ತಪ್ಪ ಹೂಂ ಎಂದು ಎದ್ದು ಹೋಗಿದ್ದರು. ಅಣ್ಣನ ಎದುರು ಅವರ ಬಾಯಿಂದ ಬೇರೆ ಮಾತು ಹೊರಟಿದ್ದನ್ನು ನಾನು ಕೇಳಿಲ್ಲ.

ಶಿವರಾತ್ರಿಯ ಬೆಳಿಗ್ಗೆ ಹಿತ್ತಿಲಿಗೆ ಬಂದರೆ ಗಂಡು ಗೊಂಚಲು ಇರಲಿಲ್ಲ. ಹೋಗಿ ನೋಡಿದರೆ ದೇವರ ಮನೆಯಲ್ಲಿ ಲಿಂಗದ ಮೇಲಿತ್ತು. ಅಭಿಷೇಕದ ಹಾಲು, ನೀರು ಸುರಿದು ಮುದ್ದೆಯಾಗಿತ್ತು. ತೊಯ್ದ ಹುಡಿ ಯಾವ ಕೆಲಸಕ್ಕೂ ಬಾರದು.

ಭಾವನವರು ಪಡಸಾಲೆಯಲ್ಲಿ ಕೂತು ಓಣಿಯವರಿಗೆ ಪ್ರಸಾದ ಹಂಚುತ್ತಿದ್ದರು. ಯಾಕೆ ಕೊಯ್ದಿರಿ ಎಂದು ಎಲ್ಲರ ಎದುರೇ ಕೇಳಿದೆ.

"ಗಂಡ ಗಿಡ, ಹಣ್ಣ ಬಿಡೂದಲ್ಲ. ಹಿಂಗಾರದಂಗ ಛಲೋ ಕಂಡ್ತು, ದೇವರಿಗರೆ ಮುಟ್ಟಲಿ ಅಂತ ಕೊಯ್ದೆ," ಎಂದರು ತಣ್ಣಗೆ. "ದೇವರಿಗೆ ಏರಿಸಿದ್ದಕ್ಕ ಸಿಟ್ಟಾಗಬಾರದವಾ, ಕಾಂಚನಾ."

ಬಂದವರೆಲ್ಲ ಹೌದೆಂದು ತಲೆಯಾಡಿಸಿದರು. ತಮ್ಮ ಆಸೆಗೆ ದೇವರನ್ನು ಅಡ್ಡ ನಿಲ್ಲಿಸಿಕೊಳ್ಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಅವರನ್ನೇ ದಿಟ್ಟಿಸಿದೆ. ಆಗ ಕಣ್ಣಿಗೆ ಬಿತ್ತು. ಗೊಂಚಲನ್ನು ಹೆಗಲ ಮೇಲೆ ಹೊತ್ತು ತಂದಿದ್ದಾರೆ. ಅವರ ಕೆಂಪು ಶಲ್ಯದ ಮಡಿಕೆಗಳಲ್ಲಿ ಬಿಳಿ ಹುಡಿ ಜೋಳದ ಹಿಟ್ಟಿನ ಹಾಗೆ ಒಣಗಿ ಕೂತಿದೆ.

ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಭಾವನ ಸರಿಸಮ ಕೂರುವುದೂ ಇಲ್ಲ. ನಾನು ಹತ್ತಿರ ಹೋಗಿ, ಹುಡಿ ಚೆಲ್ಲದಂತೆ, ಆ ಶಲ್ಯವನ್ನು ಅವರ ಹೆಗಲಿನಿಂದ ಎತ್ತಿಕೊಂಡೆ.

ಹಿತ್ತಿಲಿಗೆ ಹೋಗಿ ಏಣಿ ಹತ್ತಿದೆ. ಹೆಣ್ಣು ಗೊಂಚಲಿನ ಮೇಲೆ ಶಲ್ಯ ಹಿಡಿದು ತಟ್ಟಿದೆ, ಕೈಗೆ ಸಿಕ್ಕ ಎಳೆಗಳಿಗೆಲ್ಲ ಒತ್ತಿ ಒರೆಸಿದೆ. ಸಿಟ್ಟಿಗೆ ಏಟು ಜೋರಾಗಿಯೇ ಬಿತ್ತು. ಅದೂ ಒಳ್ಳೆಯದೇ ಆಯಿತು, ಹುಡಿ ಚೆನ್ನಾಗಿ ಉದುರಿತು. ಭಾವನವರು ಏಣಿಯ ಬುಡಕ್ಕೆ ಬಂದು, ಮಡಿ ಶಲ್ಯ ಮೈಲಿಗೆ ಮಾಡಿದೆ, ಕೊಡು ಎಂದರು.

"ಪ್ರಸಾದ ತಗೊಂಡೇನ್ರಿ ಭಾವಾರ," ಎಂದೆ. "ಪ್ರಸಾದ ತಗೊಂಡದ್ದಕ್ಕ ಸಿಟ್ಟಾಗಬಾರದರಿ."

ಗೊಂಚಲಿನ ಅರ್ಧಕ್ಕೆ ಕಾಯಿ ಕಟ್ಟಿತು. ಮಗ್ಗದ ಮಾತು ನಿಂತಿತು. ಹಣ್ಣಾದಾಗ ಭಾವನವರೇ ಬಂದು, ದೇವರಿಗೆ ಮೊದಲ ಹಣ್ಣು ಕೊಡು ಎಂದು ಕೈ ಚಾಚಿದರು. ಆ ಕೈ ದಾಟಿಕೊಂಡು ಹೋಗಿ ಲಿಂಗದ ಮುಂದೆ ನಾನೇ ಇಟ್ಟು ಬಂದೆ. ದೇವರ ಮೇಲೆ ನನಗೇನೂ ಸಿಟ್ಟಿಲ್ಲ.